ಟೀವಿಯ ಬೆನ್ನಿಗೊಂದು ದೀಪ

ಕತ್ತಲಲ್ಲಿ ಟೀವಿ ನೋಡಿದರೆ ನನ್ನ ಕಣ್ಣು ಉರಿಯುತ್ತದೆ. ಪರದೆ ಝಗಝಗ, ಹಿಂದಿನ ಗೋಡೆ ಕಪ್ಪು; ಮುದಿಗಣ್ಣಿಗೆ ಎರಡನ್ನೂ ಹೊಂದಿಸಿಕೊಳ್ಳುವುದು ಕಷ್ಟ. ಟ್ಯೂಬ್‌ಲೈಟ್ ಹಾಕೋಣವೆಂದರೆ ನಮ್ಮದು ಕೊಕ್ಕರೆ ಬೆಳ್ಳೂರು. ಕಿಟಕಿಯಾಚೆಯ ಹುಣಸೆ ಮರದಲ್ಲಿ ಹೆಜ್ಜಾರ್ಲೆಗಳ ಗೂಡು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರು ಅವನ್ನು ಕಾಣುತ್ತದೆ. ಬಾಣಂತಿ ಮುಖಕ್ಕೆ ರಾತ್ರಿ ಬೆಳಕು ಬಿಡುವುದುಂಟೇ?

ಮೊಮ್ಮಗಳು 5 ವೋಲ್ಟಿನ ಬಿಳಿ ಎಲ್‌ಇಡಿ ಪಟ್ಟಿ ತಂದಳು. "ತಾತ, ಕತ್ತರಿ ಗುರುತು ಇರೋ ಕಡೇನೇ ಕತ್ತರಿಸ್ಬೇಕು" ಎಂದಳು. ಟೀವಿ ಆರಿಸಿ, ಬೆನ್ನಿನ ಧೂಳು ಒರೆಸಿ, ಗಾಳಿಕಿಂಡಿ ಮುಚ್ಚದಂತೆ ಅಂಚಿನುದ್ದಕ್ಕೂ ಅಂಟಿಸಿದೆವು. ಟೀವಿಯ ಯುಎಸ್‌ಬಿ ಕಿಂಡಿಯೇ ಕರೆಂಟು ಕೊಡುತ್ತದೆ. ಹಲವು ಕಿಂಡಿಗಳ ಮಿತಿ 500 ಮಿಲಿಆಂಪ್, ಆದ್ದರಿಂದ ಚಿಕ್ಕ ಪಟ್ಟಿಯೇ ಸರಿ.

ಗೋಡೆಯ ಮೇಲೆ ಬೆಳದಿಂಗಳು ಚೆಲ್ಲಿದಂತಾಯಿತು. ಕಣ್ಣುರಿ ತಗ್ಗಿತು. ಅಂಗಳಕ್ಕಿಳಿದು ನೋಡಿದೆವು: ಮರ ಕತ್ತಲಲ್ಲೇ ಇತ್ತು, ತವರಿಗೆ ಬಂದವರು ನೆಮ್ಮದಿಯಾಗಿ ಮಲಗಿದ್ದರು.