ಫ್ರೆಂಚರ ಕೈ ಎಷ್ಟುದ್ದ?

ಕಾಂಗೇಯಂ ಪಕ್ಕದ ಮೇಲಪಾಳಯಂ ಧೀರನ್ ಚಿನ್ನಮಲೈ ಹುಟ್ಟೂರು. ಟಿಪ್ಪುವಿನ ಜೊತೆ ನಿಂತು ಕಾದಾಡಿದ ಈ ಕೊಂಗು ಪಾಳೆಯಗಾರನನ್ನು ಈಸ್ಟ್ ಇಂಡಿಯಾ ಕಂಪನಿಯವರು 1805ರಲ್ಲಿ ಸಂಕಗಿರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಆತನ ಪಡೆಗೆ ಫ್ರೆಂಚರೇ ಕವಾಯತು ಕಲಿಸಿದರು, ನೆಪೋಲಿಯನ್ನನ ಬಳಿಗೆ ದೂತರೂ ಹೊರಟಿದ್ದರು ಎಂದು ಆ ಕಡೆ ಹೆಮ್ಮೆಯಿಂದ ಹೇಳುತ್ತಾರೆ. ಕೇಳೋಕೆ ಚೆನ್ನಾಗಿದೆ. ಕಾಗದ ಎಲ್ಲಿದೆ ಅಂದರೆ ಮಾತ್ರ ಮಾತು ತೇಲುತ್ತದೆ.

ಕಾಗದ ಇದ್ದರೂ ಬಗೆಹರಿಯುವುದಿಲ್ಲ, ಅದು ಬೇರೆ ಮಾತು. ಟಿಪ್ಪುವಿನ ವಿಷಯವನ್ನೇ ನೋಡಿ. 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕ ಹಡಗು ಕೆಟ್ಟು ಮಂಗಳೂರಿಗೆ ಬಂದ. ಮಾರಿಷಸ್‌ನಲ್ಲಿ ದೊಡ್ಡ ಸೈನ್ಯ ಕಾದಿದೆ ಎಂದು ಟಿಪ್ಪುವನ್ನು ನಂಬಿಸಿದ. ಗುಟ್ಟಾಗಿ ಹೋದ ಟಿಪ್ಪುವಿನ ದೂತರಿಗೆ ಅಲ್ಲಿ ಸೈನ್ಯವೇ ಕಾಣಲಿಲ್ಲ. ಅಲ್ಲಿನ ಗವರ್ನರ್ ಮಲಾರ್ತಿಕ್ 1798ರ ಜನವರಿಯಲ್ಲಿ ಗುಟ್ಟನ್ನೇ ಬಹಿರಂಗ ಪ್ರಕಟಣೆ ಮಾಡಿಬಿಟ್ಟ! ಕೊನೆಗೆ ಮಂಗಳೂರಿಗೆ ಬಂದಿಳಿದವರು ನೂರು ಜನವೂ ಇಲ್ಲ. ಟಿಪ್ಪುವಿನ ಮೇಲೆ ಯುದ್ಧ ಹೂಡಲು ಕಂಪನಿಯ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅಷ್ಟೇ ಸಾಕಾಯಿತು.

ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದಲ್ಲಿ ಫ್ರೆಂಚರು ಕಟ್ಟಿದರೆನ್ನುವ ಕ್ರಾಂತಿವಾದಿ ಸಂಘ 'ಜಾಕೊಬಿನ್ ಕ್ಲಬ್' ಕತೆ ಇನ್ನೂ ಸ್ವಾರಸ್ಯ. ಅದರ ದಾಖಲೆ ಹೊರತಂದವರು ಪಟ್ಟಣ ಗೆದ್ದ ಇಂಗ್ಲಿಷರೇ. ಅದೆಲ್ಲ ಯುದ್ಧ ಸಮರ್ಥನೆಗೆ ಕಂಪನಿ ಹೆಣೆದದ್ದು ಎಂದು ಫ್ರೆಂಚ್ ಇತಿಹಾಸಕಾರ ಜಾನ್ ಬೂತಿಯೆ 2005ರಲ್ಲಿ ವಾದಿಸಿದರು. ಪೂರ್ತಿ ಕಟ್ಟುಕತೆ ಎನ್ನಲು ನನಗೆ ಧೈರ್ಯ ಸಾಲದು. ಆದರೂ ಟಿಪ್ಪುವನ್ನು ಬೈಯುವವರೂ ಹೊಗಳುವವರೂ 'ನೋಡಿ ಸಾರ್, ಪ್ರೂಫ್' ಅಂತ ಹಾಕುವುದು ಇದೇ ಕ್ಲಬ್ಬನ್ನು.