ಭೈಷಜ್ಯದಾನವೂ ಶಾಲೆಯ ಮಕ್ಕಳೂ

ನಮ್ಮ ನಾಡಿನ ಪ್ರಾಚೀನ ಜೈನ ಶಾಸನಗಳನ್ನು ಓದಿ ಬಲ್ಲವರಿಗೆ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳ ಹೆಸರು ಹೊಸದಲ್ಲ. ದಾನಿಯನ್ನು ಪ್ರಶಂಸಿಸುವಾಗ ಶಾಸನಕಾರರು ಈ ನಾಲ್ಕನ್ನೂ ಒಂದೇ ಸಮಾಸದಲ್ಲಿ ಪೋಣಿಸಿ ಹೇಳುವುದು ವಾಡಿಕೆ. ಹಸಿದವನಿಗೆ ಅನ್ನ, ಅಂಜಿದವನಿಗೆ ಆಶ್ರಯ, ರೋಗಿಗೆ ಔಷಧ, ಅರಿಯದವನಿಗೆ ಅರಿವು. ಇವು ಒಂದಕ್ಕೊಂದು ಆಧಾರವಾಗಿವೆಯೇ ಹೊರತು ಒಂದಿದ್ದರೆ ಇನ್ನೊಂದು ಬೇಡವೆಂಬಂತಹವಲ್ಲ.

ಈ ನಾಲ್ಕನ್ನು ನಮ್ಮ ಇಂದಿನ ಸರ್ಕಾರಿ ಶಾಲೆಗೆ ಅನ್ವಯಿಸಿ ನೋಡುವ ಯೋಚನೆ ನನಗೆ ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ ಬಂದಿತು. ಶಾಸ್ತ್ರವು ಈಗ ದಾನವಾಗಿ ಉಳಿದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯಿಂದ ಅದು ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಹಕ್ಕಾಗಿದೆ. ಅಭಯವೂ ಅದೇ ಕಾಯಿದೆಯಲ್ಲಿದೆ: ಮಗುವನ್ನು ಹೊಡೆಯಬಾರದು, ಮಾನಸಿಕವಾಗಿ ಹಿಂಸಿಸಬಾರದು ಎಂದು ಹದಿನೇಳನೆಯ ಕಲಮು ಹೇಳುತ್ತದೆ. ಆಹಾರದ ವಿಷಯದಲ್ಲಿ 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆದೇಶಿಸಬೇಕಾಯಿತು. ಮರುವರ್ಷ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಮೊದಲು ಆರಂಭವಾದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ನಾಲ್ಕರಲ್ಲಿ ಮೂರು ಹೀಗೆ ಶಾಲೆಯ ಬಾಗಿಲನ್ನು ದಾಟಿ ಒಳಗೆ ಬಂದವು. ಭೈಷಜ್ಯವು ಮಾತ್ರ ವರ್ಷಕ್ಕೊಮ್ಮೆ ಜೀಪಿನಲ್ಲಿ ಬಂದು ಹೋಗುವ ಅತಿಥಿಯಾಗಿಯೇ ಉಳಿದಿದೆ.

ಜೀಪಿನಲ್ಲಿ ಬರುವವರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. 2013ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ಔಷಧ ವಿತರಕ, ಒಬ್ಬ ಶುಶ್ರೂಷಕಿ ಇರುವ ಸಂಚಾರಿ ತಂಡವು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಭೇಟಿ ನೀಡುತ್ತದೆ. ಸೀಳುತುಟಿ, ಹೃದಯದ ರಂಧ್ರ, ಕಿವುಡು ಮುಂತಾದ ದೋಷಗಳನ್ನು ಗುರುತಿಸಿ ದೊಡ್ಡ ಆಸ್ಪತ್ರೆಗಳಿಗೆ ಕಳುಹಿಸಿದ ಪುಣ್ಯ ಈ ತಂಡಗಳಿಗೆ ಸೇರಿದೆ. ಆದರೆ ಜ್ವರ, ಚೇಳುಕಡಿತ, ಮೂರ್ಛೆ, ಮಾಸಿಕ ನೋವು ಇವು ತಂಡದ ದಿನಚರಿಯನ್ನು ನೋಡಿಕೊಂಡು ಬರುವುದಿಲ್ಲ. ಉಳಿದ ದಿನಗಳಲ್ಲಿ ಶಾಲೆಯಲ್ಲಿರುವುದು ಬೀಗ ಹಾಕಿದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಅದರ ಕೀಲಿ ಮುಖ್ಯೋಪಾಧ್ಯಾಯರ ಜೇಬಿನಲ್ಲಿ, ಅವರು ಸಭೆಯಲ್ಲಿ!

ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ನನ್ನ ಶ್ರೀಮತಿಯವರು ನೋಂದಾಯಿತ ಶುಶ್ರೂಷಕಿಯಾಗಿ ಕಂಪ್ಲಿಯ ಆಸುಪಾಸಿನಲ್ಲಿ ಕೆಲವು ವರ್ಷ ಸೇವೆ ಸಲ್ಲಿಸಿದವರು. 2008ರ ಸುಮಾರಿಗೆ ಧನುರ್ವಾತದ ಚುಚ್ಚುಮದ್ದು ಹಾಕಲು ಹಳ್ಳಿಯೊಂದರ ಶಾಲೆಗೆ ಹೋಗಿದ್ದರು. ಆರನೆಯ ತರಗತಿಯ ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ಮೂರು ಸಲ ನೀರಿನ ತೊಟ್ಟಿಗೆ ಹೋದುದು, ಅಷ್ಟೇ ಸಲ ಗೋಡೆಯ ಹಿಂದಕ್ಕೆ ಹೋದುದು ಅವರ ಕಣ್ಣಿಗೆ ಬಿದ್ದಿತು. ಪಾಠ ತಪ್ಪಿಸಿಕೊಳ್ಳುವ ಕಳ್ಳನೆಂದು ಅವನಿಗೆ ಶಾಲೆಯಲ್ಲಿ ಹೆಸರು ಬಂದಿತ್ತು. ಇವರು ಗೋಡೆಯ ಹಿಂದೆ ಹೋಗಿ ನೋಡಿದರೆ ಅಲ್ಲಿ ಇರುವೆಗಳು ಸಾಲುಗಟ್ಟಿದ್ದವು. ಹುಡುಗನ ಅಂಗಿ ತೋಳಿನಲ್ಲಿ ಸಡಿಲವಾಗಿತ್ತು, ಉಸಿರಿನಲ್ಲಿ ಹಣ್ಣಿನ ವಾಸನೆಯಿತ್ತು. ಅಂದೇ ಸಂಜೆ ಅವನನ್ನು ಬಳ್ಳಾರಿಗೆ ಕಳುಹಿಸಿದರು. ಇನ್ನೆರಡು ದಿನ ಕಳೆದಿದ್ದರೆ ಉಳಿಸುವುದು ಕಷ್ಟವಾಗುತ್ತಿತ್ತೆಂದು ಅಲ್ಲಿಯ ವೈದ್ಯರು ಹೇಳಿದರಂತೆ. ಅದು ಬಾಲ್ಯದಲ್ಲೇ ಬರುವ ಮಧುಮೇಹ. ಬದುಕಿರುವವರೆಗೂ ಇನ್ಸುಲಿನ್ ಬೇಕು.

ರೋಗವನ್ನು ಕಂಡುಹಿಡಿದುದು ಕಥೆಯ ಚಿಕ್ಕ ಭಾಗ. ದೊಡ್ಡ ಭಾಗ ಅದರ ನಂತರದ್ದು. ತಾಯಿ ಭತ್ತದ ಗದ್ದೆಗಳಲ್ಲಿ ಕೂಲಿ ಮಾಡುವವಳು, ಮನೆಯಲ್ಲಿ ಶೀತಕಪೆಟ್ಟಿಗೆಯಿಲ್ಲ. ಒಂದು ಮಡಕೆಯೊಳಗೆ ಇನ್ನೊಂದು ಮಡಕೆಯಿಟ್ಟು, ನಡುವೆ ಮರಳು ತುಂಬಿ, ನೀರು ಚಿಮುಕಿಸಿ ಇನ್ಸುಲಿನ್ ಸೀಸೆಯನ್ನು ತಂಪಾಗಿಡುವ ಬಗೆಯನ್ನು ನನ್ನ ಶ್ರೀಮತಿಯವರು ಅವಳಿಗೆ ಕಲಿಸಿದರು. ಬೆಳಗಿನ ಚುಚ್ಚುಮದ್ದು ಮನೆಯಲ್ಲಿ ಆಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಸಕ್ಕರೆ ಇಳಿದು ಕೈ ನಡುಗುವುದು, ಬೆವರುವುದು, ಕೆಲವೊಮ್ಮೆ ಅರ್ಥವಿಲ್ಲದೆ ಮಾತಾಡುವುದು ಮಾತ್ರ ಶಾಲೆಯಲ್ಲೇ ಆಗುತ್ತಿತ್ತು. ಆಗ ಬೆರಳಿನಿಂದ ಹನಿ ರಕ್ತ ತೆಗೆದು ನೋಡಿ, ಬೆಲ್ಲವೋ ಸಕ್ಕರೆಯೋ ಕೊಟ್ಟು, ಹದಿನೈದು ನಿಮಿಷ ಕಾದು ಮತ್ತೆ ನೋಡಬೇಕು. ಶಿಕ್ಷಕರು ಹೆದರಿದರು. “ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆ ಯಾರು, ಸಾರ್?” ಎಂದು ಅವರಲ್ಲೊಬ್ಬರು ನನ್ನನ್ನೇ ಕೇಳಿದರು. ಅವರ ಭಯವನ್ನು ನಾನು ತಪ್ಪೆನ್ನಲಾರೆ. ಗಣಿತ ಕಲಿಸಲು ನೇಮಕವಾದವನಿಗೆ ಸೂಜಿ ಹಿಡಿಯುವ ತರಬೇತಿಯನ್ನು ಯಾರೂ ಕೊಟ್ಟಿರಲಿಲ್ಲ. ಒಂದೂವರೆ ವರ್ಷ ನನ್ನ ಶ್ರೀಮತಿಯವರು ತಮ್ಮ ಊಟದ ಬಿಡುವಿನಲ್ಲಿ ಆ ಶಾಲೆಗೆ ಹೋಗಿ ಬರುತ್ತಿದ್ದರು. ನಂತರ ಅವರಿಗೆ ವರ್ಗವಾಯಿತು. ಹುಡುಗನ ಹಾಜರಿ ವಾರಕ್ಕೆ ಮೂರು ದಿನವಾಯಿತು, ಆಮೇಲೆ ಎರಡಾಯಿತು. ಏಳನೆಯ ತರಗತಿಯ ನಂತರ ಅವನು ಶಾಲೆಗೆ ಬರಲಿಲ್ಲ. ಅನ್ನವೂ ಪುಸ್ತಕವೂ ಅವನಿಗಾಗಿ ಅಲ್ಲಿ ಸಿದ್ಧವಾಗಿಯೇ ಇದ್ದವು.

ಈ ಬಗೆಯ ತೊಡಕು ನಮ್ಮ ಊರಿಗೆ ಮಾತ್ರ ಸೇರಿದ್ದಲ್ಲ. ನೂರಿಪ್ಪತ್ತು ವರ್ಷಗಳಿಗೂ ಹಿಂದೆ ನ್ಯೂಯಾರ್ಕ್ ನಗರದಲ್ಲಿ ವೈದ್ಯರು ಶಾಲೆಗಳಿಗೆ ಹೋಗಿ ಕಣ್ಣುಬೇನೆ, ಹೇನು, ಹುಳುಕಡ್ಡಿಯಿದ್ದ ಮಕ್ಕಳನ್ನು ಗುರುತಿಸಿ ಮನೆಗೆ ಅಟ್ಟುತ್ತಿದ್ದರು. ಮಗು ಮನೆಗೆ ಹೋಯಿತೇ ವಿನಾ ಚಿಕಿತ್ಸೆ ಸಿಗಲಿಲ್ಲ. 1902ರ ಅಕ್ಟೋಬರಿನಲ್ಲಿ ಲಿಲಿಯನ್ ವಾಲ್ಡ್ ಎಂಬ ಶುಶ್ರೂಷಕಿ, ತನ್ನ ಸಂಸ್ಥೆಯ ಲಿನಾ ರೋಜರ್ಸ್ ಅವರನ್ನು ಒಂದು ತಿಂಗಳ ಪ್ರಯೋಗಕ್ಕೆಂದು ನಾಲ್ಕು ಶಾಲೆಗಳಿಗೆ ಕಳುಹಿಸಿದಳು. ರೋಜರ್ಸ್ ಶಾಲೆಯಲ್ಲೇ ಗಾಯ ತೊಳೆದರು, ಮುಲಾಮು ಹಚ್ಚಿದರು, ಸಂಜೆ ಮನೆಗಳಿಗೆ ಹೋಗಿ ತಾಯಂದಿರಿಗೆ ತೋರಿಸಿಕೊಟ್ಟರು. ತಿಂಗಳು ಮುಗಿದೊಡನೆ ನಗರಾಡಳಿತವು ತನ್ನ ಖಜಾನೆಯಿಂದಲೇ ಸಂಬಳ ಕೊಟ್ಟು ಇನ್ನಷ್ಟು ಶುಶ್ರೂಷಕಿಯರನ್ನು ನೇಮಿಸಿತು. 1902ರ ಸೆಪ್ಟೆಂಬರಿನಲ್ಲಿ ರೋಗದ ಕಾರಣ ಶಾಲೆಯಿಂದ ಹೊರಗುಳಿದ ಮಕ್ಕಳು 10,567. ಮರುವರ್ಷ ಅದೇ ತಿಂಗಳಲ್ಲಿ 1,101. ವೈದ್ಯರ ಸಂಖ್ಯೆ ಹೆಚ್ಚಿದ್ದರಿಂದ ಈ ಇಳಿಕೆ ಆದುದಲ್ಲ. ಕಂಡುಹಿಡಿದ ರೋಗದ ಬೆನ್ನುಹತ್ತಿ ಹೋಗಲು ಒಬ್ಬರು ಇದ್ದರು, ಅಷ್ಟೆ.

ನಮ್ಮ ದೇಶದಲ್ಲಿಯೂ ಶಾಲಾಮಕ್ಕಳ ವೈದ್ಯಕೀಯ ತಪಾಸಣೆ 1909ರಷ್ಟು ಹಿಂದೆ ಬರೋಡೆಯಲ್ಲಿ ಆರಂಭವಾಯಿತು. 1946ರ ಭೋರ್ ಸಮಿತಿಯೂ, 1961ರಲ್ಲಿ ವರದಿ ನೀಡಿದ ರೇಣುಕಾ ರಾಯ್ ಸಮಿತಿಯೂ ಶಾಲಾ ಆರೋಗ್ಯ ಸೇವೆಯ ಅಗತ್ಯವನ್ನು ವಿಸ್ತಾರವಾಗಿ ಹೇಳಿವೆ. ಜವಾಹರ ನವೋದಯ ವಿದ್ಯಾಲಯಗಳಲ್ಲಿ, ನಮ್ಮ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ಶುಶ್ರೂಷಕಿಯ ಹುದ್ದೆಯಿದೆ. ಕೇಂದ್ರೀಯ ವಿದ್ಯಾಲಯಗಳು ಗುತ್ತಿಗೆಯ ಮೇಲೆ ಶುಶ್ರೂಷಕಿಯನ್ನು ನೇಮಿಸಿಕೊಳ್ಳುತ್ತವೆ. ಅಂದರೆ ಶಾಲೆಗೆ ಶುಶ್ರೂಷಕಿ ಬೇಕೆಂಬ ತತ್ತ್ವವನ್ನು ಸರ್ಕಾರವು ಒಪ್ಪಿದೆ. ಹಳ್ಳಿಯ ಹಗಲುಶಾಲೆಯ ಮಗುವಿನ ಮಟ್ಟಿಗೆ ಮಾತ್ರ ಆ ಒಪ್ಪಿಗೆ ಇನ್ನೂ ತಲುಪಿಲ್ಲ.

ಸಂಡೂರಿನ ಕಡೆಗೆ ಹೋದವರಿಗೆ ಈ ಮಾತಿನ ತೂಕ ಬೇಗ ತಿಳಿಯುತ್ತದೆ. ಅದಿರು ಲಾರಿಗಳು ಎಡೆಬಿಡದೆ ಓಡಾಡಿದ ಆ ವರ್ಷಗಳಲ್ಲಿ ಮರದ ಎಲೆ, ಮನೆಯ ಹಂಚು, ಮಕ್ಕಳ ನೋಟುಪುಸ್ತಕ ಎಲ್ಲವೂ ಒಂದೇ ಕೆಂಪು ಬಣ್ಣಕ್ಕೆ ತಿರುಗಿದ್ದವು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಯನ್ನು ನಿಲ್ಲಿಸಿತು, 2013ರಲ್ಲಿ ಷರತ್ತುಗಳೊಡನೆ ಮತ್ತೆ ಬಿಟ್ಟಿತು. ಕಬ್ಬಿಣದ ಬೆಟ್ಟದ ಬುಡದಲ್ಲಿ ರಕ್ತದಲ್ಲಿ ಕಬ್ಬಿಣವಿಲ್ಲದ ಮಕ್ಕಳು ಎಂಬುದು ಹೇಳಿ ಹೇಳಿ ಸವೆದ ಮಾತು, ಆದರೂ ಸುಳ್ಳಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಡೀ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿ ರಕ್ತಹೀನರು. ಆ ಮಕ್ಕಳೇ ಮರುವರ್ಷ ಒಂದನೆಯ ತರಗತಿಗೆ ಬರುತ್ತಾರೆ. ಶಾಲೆಯಲ್ಲಿ ಅವರಿಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುವ ಯೋಜನೆಯಿದೆ. ಚಿಕ್ಕವರಿಗೆ ನಸುಗೆಂಪು, ದೊಡ್ಡವರಿಗೆ ನೀಲಿ. ಬರಿಹೊಟ್ಟೆಯಲ್ಲಿ ನುಂಗಿದರೆ ಓಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ. ಯಾರೂ ಮುಂಚೆ ತಿಳಿಸದಿದ್ದರೆ ಮಗು ಹೆದರುತ್ತದೆ, ಮುಂದಿನ ವಾರ ಮಾತ್ರೆ ಕಿಟಕಿಯಾಚೆ ಬೀಳುತ್ತದೆ, ದಾಖಲೆ ಪುಸ್ತಕದಲ್ಲಿ ಮಾತ್ರ ಸರಿಗುರುತು ಬೀಳುತ್ತದೆ. ಊಟದ ನಂತರ ಕೊಡುವುದು, ಜೊತೆಗೆ ಚಹಾ ಬೇಡವೆನ್ನುವುದು, ಮೂರು ತಿಂಗಳಾದರೂ ಕಣ್ಣಿನ ರೆಪ್ಪೆಯೊಳಗೆ ಕೆಂಪು ಕಾಣದ ಮಗುವನ್ನು ಬೇರೆ ಮಾಡಿ ರಕ್ತ ಪರೀಕ್ಷೆಗೆ ಕಳುಹಿಸುವುದು, ಇವು ತರಬೇತಾದ ಕೈಯ ಕೆಲಸಗಳು.

ಕಂಪ್ಲಿಯ ಕಾಲುವೆ ಬಯಲಿನಲ್ಲಿ ಹಾವಿನ ಭಯ, ಹಂಪಿಯ ಬಂಡೆಗಳ ನಡುವೆ ಚೇಳಿನ ಭಯ. 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿಯೆಂದು ನಮ್ಮ ರಾಜ್ಯ ಘೋಷಿಸಿತು. ವರದಿ ಒಳ್ಳೆಯದು. ಕಡಿದ ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟದಂತೆ, ಮಂತ್ರ ಹಾಕುವವರ ಬಳಿ ಹೊತ್ತು ಕಳೆಯದಂತೆ ತಡೆದು, ಮಗುವನ್ನು ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸುವ ಒಬ್ಬರು ಸ್ಥಳದಲ್ಲೇ ಇರುವುದು ಇನ್ನೂ ಒಳ್ಳೆಯದು.

ಹಣವೆಲ್ಲಿದೆ ಎಂದು ಕೇಳುವವರಿಗೆ ಈ ಸೀಮೆಯಲ್ಲಿ ಉತ್ತರ ಕೊಡುವುದು ಕಷ್ಟವಲ್ಲ. 2015ರ ಗಣಿ ಕಾನೂನಿನ ತಿದ್ದುಪಡಿಯಿಂದ ಪ್ರತಿ ಗಣಿ ಜಿಲ್ಲೆಗೂ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದಿದೆ. ಹಳೆಯ ಗುತ್ತಿಗೆದಾರರು ರಾಜಧನದ ನೂರಕ್ಕೆ 30ರಷ್ಟನ್ನು ಅದಕ್ಕೆ ಕೊಡಬೇಕು. ಅದರ ಹೆಚ್ಚಿನ ಪಾಲು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಕ್ಕಳ ಕಲ್ಯಾಣ ಮುಂತಾದವುಗಳಿಗೆ ಮೀಸಲು. ಇದರ ಜೊತೆಗೆ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಅದಿರಿನ ಮಾರಾಟದಿಂದ ತೆಗೆದಿರಿಸಿದ ಹಣವಿದೆ. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆ ಸಿದ್ಧವಾದ ಯೋಜನೆಯ ಮೊತ್ತ ಸುಮಾರು 25,000 ಕೋಟಿ ರೂಪಾಯಿ. ಒಬ್ಬ ಶುಶ್ರೂಷಕಿಗೆ ತಿಂಗಳಿಗೆ 35,000 ರೂಪಾಯಿ ಎಂದು ಹಿಡಿಯೋಣ. ಹೊಸಪೇಟೆ, ಸಂಡೂರು, ಕಂಪ್ಲಿ ತಾಲ್ಲೂಕುಗಳಿಗೆ 200 ಮಂದಿ ಬೇಕೆಂದುಕೊಂಡರೂ ವರ್ಷಕ್ಕೆ ಎಂಟೂವರೆ ಕೋಟಿ ಸಾಲುತ್ತದೆ. ಹತ್ತು ವರ್ಷಕ್ಕೆ 84 ಕೋಟಿ. ಆ ದೊಡ್ಡ ಮೊತ್ತದಲ್ಲಿ ನೂರಕ್ಕೆ ಅರ್ಧ ಭಾಗವೂ ಅಲ್ಲ. (ಲೆಕ್ಕದ ಮೇಷ್ಟರ ಚಾಳಿ, ವಾಚಕರು ಕ್ಷಮಿಸಬೇಕು.)

ನಮ್ಮ ಟ್ರಸ್ಟುಗಳೂ ಸಂಘಗಳೂ ವರ್ಷಾವಧಿ ಉತ್ಸವಗಳಲ್ಲಿ ನೇತ್ರ ತಪಾಸಣೆ, ಔಷಧ ವಿತರಣೆ ನಡೆಸುತ್ತ ಬಂದಿರುವುದು ಸ್ತುತ್ಯವೇ. ಆದರೆ ದಾನಿಯ ಅನುಕೂಲ ಇರುವವರೆಗೆ ದಾನ. ಗಣಿಯ ಹಣ ಯಾರ ಔದಾರ್ಯವೂ ಅಲ್ಲ; ಧೂಳು ಕುಡಿದವರಿಗೆ ಕಾನೂನಿನಂತೆ ಸಲ್ಲಬೇಕಾದ ಬಾಕಿ. ಅದನ್ನು ಕೇಳಲು ಸಂಕೋಚಪಡಬೇಕಾದ ಕಾರಣ ನನಗೆ ಕಾಣುವುದಿಲ್ಲ.

ತೊಡಕು ಬೇರೆ ಕಡೆಯಿದೆ. ಇಂತಹ ನಿಧಿಗಳಿಗೆ ಕಟ್ಟಡವೆಂದರೆ ಪ್ರೀತಿ. ಕೊಠಡಿ ಕಟ್ಟಿದರೆ ಶಿಲಾಫಲಕ ಹಾಕಬಹುದು, ಉದ್ಘಾಟನೆ ಮಾಡಬಹುದು. ಸಂಬಳ ಪ್ರತಿ ತಿಂಗಳೂ ಕೊಡಬೇಕಾದ, ಎಂದೂ ಉದ್ಘಾಟನೆಯಾಗದ ಖರ್ಚು. ಖನಿಜ ನಿಧಿಯಿಂದ ಸಂಬಳ ಕೊಡಲಾಗದು ಎನ್ನುವವರೂ ಉಂಟು. ಛತ್ತೀಸಗಢದ ಬಿಜಾಪುರ ಜಿಲ್ಲೆಯಲ್ಲಿ (ನಮ್ಮ ವಿಜಯಪುರವಲ್ಲ) ಅದೇ ನಿಧಿಯಿಂದ ಜಿಲ್ಲಾಸ್ಪತ್ರೆಗೆ ವೈದ್ಯರನ್ನು ನೇಮಿಸಿದ ಉದಾಹರಣೆ ಇರುವಾಗ ಈ ವಾದ ನಿಲ್ಲುವುದಿಲ್ಲ.

ಶಿಕ್ಷಕರೇ ಈ ಕೆಲಸ ಮಾಡಲಿ ಎಂಬ ಸಲಹೆಯೂ ಇದೆ. 2020ರಲ್ಲಿ ಆರಂಭವಾದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳೆಂದು ಕರೆದಿದ್ದಾರೆ. ಕೈ ತೊಳೆಯುವ ಪಾಠಕ್ಕೆ ಅವರು ಸಾಕು. ಅಪಸ್ಮಾರದ ಸೆಳೆತ ಬಂದ ಮಗುವಿಗೆ ಸಾಲದು. ಉಪಕೇಂದ್ರಗಳಲ್ಲಿ ಈಗ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಶುಶ್ರೂಷಾ ಪದವೀಧರರೇ ಇರುವುದು ನಿಜ. ಹಳ್ಳಿಯ ದೊಡ್ಡವರ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಲ್ಲೇ ಅವರ ದಿನ ಮುಗಿಯುತ್ತದೆ.

2021ರ ಅಕ್ಟೋಬರಿನಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೊಸಪೇಟೆ, ಹಂಪಿ ಒಂದು ಜಿಲ್ಲೆಯಲ್ಲಿ, ಸಂಡೂರು, ಕಂಪ್ಲಿ ಇನ್ನೊಂದರಲ್ಲಿ ಉಳಿದವು. ಎರಡು ಪ್ರತಿಷ್ಠಾನಗಳು, ಇಬ್ಬರು ಜಿಲ್ಲಾಧಿಕಾರಿಗಳು. ಕೋರಿಕೆಯನ್ನು ಎರಡು ಕಡೆಗೂ ಕೊಡಬೇಕು, ಅಷ್ಟೆ. ಮೂರು ನಾಲ್ಕು ಶಾಲೆಗಳ ಒಂದೊಂದು ಗುಂಪಿಗೆ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿತರಾದ ಒಬ್ಬರು. ಹನ್ನೊಂದು ತಿಂಗಳ ಗುತ್ತಿಗೆಯಲ್ಲ, ಖಾಯಂ ಹುದ್ದೆ. ಗುಡ್ಡದ ಹಳ್ಳಿಗಳಲ್ಲಿ ವಾಸಕ್ಕೆ ಸುರಕ್ಷಿತವಾದ ಮನೆ. ಕಟ್ಟಡದ ಮೇಲೆ ಪ್ರೀತಿಯಿರುವ ನಿಧಿಗೆ ಈ ಕೊನೆಯದಾದರೂ ಒಪ್ಪಿಗೆಯಾದೀತು. ನಮ್ಮ ಎರಡೂ ಜಿಲ್ಲೆಗಳಲ್ಲಿ ಶುಶ್ರೂಷಾ ವಿದ್ಯಾಲಯಗಳಿವೆ. ಅಲ್ಲಿ ಕಲಿತು ಬೆಂಗಳೂರಿಗೂ ಕೊಲ್ಲಿ ರಾಷ್ಟ್ರಗಳಿಗೂ ಹೋಗುತ್ತಿರುವ ಹೆಣ್ಣುಮಕ್ಕಳಲ್ಲಿ ಹಲವರು ಸಂಡೂರು, ಕೂಡ್ಲಿಗಿಯ ಹಳ್ಳಿಗಳವರೇ. ಊರಿನಲ್ಲೇ ಕೆಲಸವಿದ್ದರೆ ನಿಲ್ಲುವಿರಾ ಎಂದು ನನ್ನ ಶ್ರೀಮತಿಯವರು ಕಳೆದ ಬೇಸಗೆಯಲ್ಲಿ ಅವರಲ್ಲಿ ಕೆಲವರನ್ನು ಕೇಳಿದಾಗ, ಸಂಬಳ ತಿಂಗಳಿಗೆ ಸರಿಯಾಗಿ ಬರುವುದೋ ಎಂದಷ್ಟೇ ಅವರು ಮರುಪ್ರಶ್ನೆ ಹಾಕಿದರು.