ದೀಪ ದೊಡ್ಡದು ಮಾಡು

ನಾವು ನಾಲ್ಕು ಮಂದಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಹೀಗೆ ನಾಲ್ಕು ತಾಲೂಕಿನವರು. ಹಾಸ್ಟೆಲ್‌ನಲ್ಲಿ ನಮ್ಮ ಹೆಸರು ಯಾರಿಗೂ ಬೇಕಾಗಿಲ್ಲ. 'ಏ ಇಂಡಿ', 'ಏ ಸಿಂದಗಿ' ಅಂದರೆ ಸಾಕು, ತಿರುಗಿ ನೋಡ್ತೀವಿ.

ಮಿನಿ ಪ್ರಾಜೆಕ್ಟಿಗೆ ಕನ್ನಡದಲ್ಲಿ ಹೇಳಿದರೆ ಹತ್ತುವ ಲೈಟ್ ಮಾಡ್ತೀವಿ ಅಂತ ಬರೆದುಕೊಟ್ವಿ. ಕಾರಣ ಇಂಡಿಯವನ ಆಯಿ. ಅವರಿಗೆ ಮೊಣಕಾಲು ನೋವು. ಸ್ವಿಚ್ ಬಾಗಿಲ ಬಾಜು, ಹಾಸಿಗೆ ಎದುರಿನ ಗೋಡೆಗೆ. ಒಂದು ರಾತ್ರಿ ಕತ್ತಲಲ್ಲಿ ಸ್ವಿಚ್ ಹುಡುಕಿಕೊಂಡು ಹೋಗಿ ಎಡವಿ ಬಿದ್ದಿದ್ರು. ಅಂಗಡಿಯ ಸ್ಮಾರ್ಟ್ ಸ್ಪೀಕರ್ ತರಬಹುದಿತ್ತಲ್ಲ ಅಂತ ಗೈಡ್ ಕೇಳಿದರು. ನಾವು ನೋಡಿದ ಸ್ಪೀಕರುಗಳಲ್ಲಿ ಇಂಗ್ಲಿಷ್ ಇತ್ತು, ಹಿಂದಿ ಇತ್ತು, ಕನ್ನಡ ಇರಲಿಲ್ಲ.

ನಮ್ಮ ಸೆಟಪ್ ಸರಳ. ರಾಸ್ಪ್‌ಬೆರಿ ಪೈಗೆ ಒಂದು ಯುಎಸ್‌ಬಿ ಮೈಕ್. ಪೈಥಾನ್ ಪ್ರೋಗ್ರಾಮ್ ಮಾತನ್ನು ಇಂಟರ್ನೆಟ್ಟಿಗೆ ಕಳಿಸಿ ಕನ್ನಡ ಅಕ್ಷರವಾಗಿ ವಾಪಸ್ ತರ್ತದೆ. ಅದರಲ್ಲಿ ನಮ್ಮ ಪಟ್ಟಿಯ ಪದ ಇದ್ದರೆ ಎಂಕ್ಯೂಟಿಟಿ ಮೂಲಕ ನೋಡ್‌ಎಂಸಿಯುಗೆ ಸಂದೇಶ ಹೋಗ್ತದೆ. ಅದು ಮಾಸ್‌ಫೆಟ್ ಮೂಲಕ 12 ವೋಲ್ಟಿನ ಎಲ್‌ಇಡಿ ಪಟ್ಟಿಯನ್ನು ಹಚ್ಚುತ್ತದೆ, ಬೆಳಕು ಹೆಚ್ಚು-ಕಡಿಮೆ ಮಾಡ್ತದೆ.

ಮೊದಲ ತೊಂದರೆ: ಲೈಟ್ ಮಂಕು, ಮಾಸ್‌ಫೆಟ್ ಮುಟ್ಟಿದರೆ ಕೈ ಸುಡ್ತಿತ್ತು. ನಾವು ಹಾಕಿದ್ದು ಐಆರ್‌ಎಫ್‌ಝಡ್44ಎನ್. ನೋಡ್‌ಎಂಸಿಯು ಕೊಡೋದು 3.3 ವೋಲ್ಟ್, ಅಷ್ಟರಲ್ಲಿ ಅದು ಪೂರ್ತಿ ಆನ್ ಆಗೋದೇ ಇಲ್ಲ. ಲಾಜಿಕ್ ಲೆವೆಲ್‌ನ ಐಆರ್‌ಎಲ್‌ಝಡ್44ಎನ್ ಹಾಕಿದ ಮೇಲೆ ಸರಿಹೋಯ್ತು. ಎರಡನೆಯದು: ಕರೆಂಟ್ ಹೋಗಿ ಬಂದರೆ ಲೈಟ್ ಮಾತೇ ಕೇಳ್ತಿರಲಿಲ್ಲ. ರೌಟರ್ ಪ್ರತಿ ಸಲ ಪೈಗೆ ಬೇರೆ ಐಪಿ ವಿಳಾಸ ಕೊಡ್ತಿತ್ತು, ನೋಡ್‌ಎಂಸಿಯು ಹಳೆ ವಿಳಾಸವನ್ನೇ ಹಿಡ್ಕೊಂಡು ಕೂತಿತ್ತು. ರೌಟರಿನಲ್ಲಿ ಪೈಗೆ ಒಂದೇ ವಿಳಾಸ ಕಾಯ್ದಿರಿಸಿದೆವು, ಮುಗೀತು.

ಈ ಎರಡು ತಪ್ಪು ಹುಡುಕೋವಾಗಲೇ ಒಂದು ಅಭ್ಯಾಸ ಬಂತು. ಪ್ರತಿ ಮಾತಿಗೂ ಮೂರು ಸಾಲಿನ ಲಾಗ್: ಕೇಳಿದ್ದು ಏನು, ಅರ್ಥ ಮಾಡಿಕೊಂಡಿದ್ದು ಏನು, ಮಾಡಿದ್ದು ಏನು. ನೀವೂ ಇಂಥದ್ದು ಮಾಡ್ತಿದ್ರೆ ಇದನ್ನ ಮೊದಲ ದಿನವೇ ಹಾಕ್ರಿ. ಲ್ಯಾಬಿನಲ್ಲಿ ನಾಲ್ವರೂ ಸರದಿ ಪ್ರಕಾರ 'ದೀಪ ಹಚ್ಚು', 'ದೀಪ ಆರಿಸು', 'ಬೆಳಕು ಹೆಚ್ಚಿಸು' ಅಂದೆವು. ಲಾಗ್ ಎಲ್ಲಾ ಸರಿ. ರಜೆಗೆ ಎಲ್ಲಾ ಕಟ್ಟಿಕೊಂಡು ಇಂಡಿಗೆ ಹೋದೆವು.

ಆಯಿ ಮೈಕಿನ ಕಡೆ ಬಗ್ಗಿ, ಮೊಮ್ಮಗನಿಗೆ ಹೇಳಿದ ಹಾಗೇ ಹೇಳಿದ್ರು, "ಲೈಟ ಹಚ್ಚಪಾ."

ಏನೂ ಆಗಲಿಲ್ಲ. ಲಾಗ್ ನೋಡಿದರೆ ಕೇಳಿದ್ದು 'ಲೈಟ್ ಹೆಚ್ಚು'. ಅರ್ಥ: ಬೆಳಕು ಹೆಚ್ಚಿಸು. ಲೈಟೇ ಹತ್ತಿಲ್ಲ, ಹೆಚ್ಚಿಸೋದು ಏನನ್ನ? ಲೈಟ್ ಬಂದ್ ಇದ್ದಾಗ 'ಹೆಚ್ಚು' ಅಂತ ಕೇಳಿದರೂ 'ಹಚ್ಚು' ಅಂತ ತಿಳ್ಕೋ ಅಂತ ಅಲ್ಲೇ ಒಂದು ಸಾಲು ಸೇರಿಸಿದೆವು. ಲೈಟ್ ಹತ್ತಿತು. ಆಯಿ ನಕ್ಕರು.

ರಾತ್ರಿ ಮಲಗೋ ಹೊತ್ತಿಗೆ ಆಯಿ ಅಂದ್ರು, "ಇನ್ನ ದೀಪಾ ದೊಡ್ಡದ ಮಾಡಪಾ."

ಲೈಟ್ ಭಗ್ ಅಂತ ನೂರಕ್ಕೆ ನೂರು ಬೆಳಗಿತು. ಆಯಿ ಸೆರಗಿಂದ ಕಣ್ಣು ಮುಚ್ಚಿಕೊಂಡ್ರು. ಮತ್ತೆರಡು ಸಲ ಹೇಳಿದ್ರು, ಅದು ಹಾಗೇ ಉರೀತಿತ್ತು. ಈ ಸಲ ಲಾಗಿನ ಮೊದಲ ಸಾಲು ಅಕ್ಷರಕ್ಕೆ ಅಕ್ಷರ ಸರಿ ಇತ್ತು. ತಪ್ಪಿದ್ದು ಎರಡನೇ ಸಾಲಿನಲ್ಲಿ.

ಬಾಗೇವಾಡಿಯವ ಅಂದ, "ಆಯಿ, 'ದೀಪ ಆರಿಸು' ಅನ್ರಿ, ಬರೋಬ್ಬರಿ ಕೇಳತೈತಿ."

"ಹೊತ್ತ ಮುಳಗಿದ ಮ್ಯಾಲ ಮನ್ಯಾಗ ದೀಪಾ ಆರಸು ಅಂತಾರೇನೋ? ನಿಮ್ಮವ್ವ ಕಲಸಿಲ್ಲೇನು?" ಸ್ವಲ್ಪ ಹೊತ್ತಿನ ಮೇಲೆ ಸಣ್ಣ ದನಿಯಲ್ಲಿ, "ಇರ್ಲಿ ಬಿಡ್ರಿ. ಸಾಲಿ ಕಲತವರ ಮಾತ ಅದಕ್ಕ ತಿಳೀತೈತಿ. ನಮ್ಮದು ತಿಳಿಯಂಗಿಲ್ಲ."

ನಾವು ನಾಲ್ವರೂ ಸುಮ್ಮನಾದೆವು. ಅವ್ವ ಕಲಿಸಿದ್ದಳು. ದೀಪ ಆರಿತು ಅಂದರೆ ಮನೆಗೆ ಕೇಡು ಅಂದ ಹಾಗೆ, ಅದಕ್ಕೇ ದೀಪ ದೊಡ್ಡದು ಮಾಡು, ಶಾಂತ ಮಾಡು ಅಂತಾರೆ. ಬಳೆ ಒಡೆದರೆ 'ಹೆಚ್ಚಿತು' ಅಂತಾರೆ. ಹೋಗ್ತೀನಿ ಅನ್ನೋದಿಲ್ಲ, ಹೋಗಿ ಬರ್ತೀನಿ ಅಂತಾರೆ. ಇದೆಲ್ಲ ನಮಗೆ ಗೊತ್ತಿದ್ದದ್ದೇ. ಆದರೆ ಪದಪಟ್ಟಿ ಟೈಪ್ ಮಾಡೋವಾಗ ನಾವು ಸೆಮಿನಾರ್ ಕನ್ನಡದವರಾಗಿದ್ದೆವು. ಟೆಸ್ಟ್ ಮಾಡಿದವರೂ ನಾವೇ ನಾಲ್ವರು.

ಆ ರಾತ್ರಿ ಮಲಗಲಿಲ್ಲ. 'ದೀಪ' ಮತ್ತು 'ದೊಡ್ಡ' ಒಟ್ಟಿಗೆ ಬಂದರೆ ಬಂದ್ ಮಾಡು. 'ಬೆಳಕು' ಮತ್ತು 'ದೊಡ್ಡ' ಬಂದರೆ ಹೆಚ್ಚಿಸು. 'ಶಾಂತ' ಬಂದರೂ ಬಂದ್ ಮಾಡು. ಬೆಳಿಗ್ಗೆ ಉಳಿದ ಮೂವರೂ ತಂತಮ್ಮ ಮನೆಗೆ ಫೋನ್ ಹಚ್ಚಿ, ಲೈಟ್ ಹಚ್ಚೋದಕ್ಕೂ ಬಂದ್ ಮಾಡೋದಕ್ಕೂ ನೀವು ಏನಂತೀರಿ ಅಂತ ಕೇಳಿದರು. ಎಂಟು ಸಾಲಿದ್ದ ಪಟ್ಟಿ ಸಂಜೆಗೆ 31 ಸಾಲಾಯ್ತು. ಇನ್ನೂ ಪೂರ್ತಿ ಆಗಿಲ್ಲ. 'ದೀಪದ ಬೆಳಕು ದೊಡ್ಡದು ಮಾಡು' ಅಂದರೆ ಈಗಲೂ ಗೊಂದಲ. ಇಂಟರ್ನೆಟ್ ಇಲ್ಲದಾಗ ಮಾತು ಕೇಳೋದೇ ಇಲ್ಲ, ಹಾಗಾಗಿ ಹಾಸಿಗೆ ಬಾಜು ಒಂದು ಸಾದಾ ಸ್ವಿಚ್ಚನ್ನೂ ಕೂಡಿಸಿ ಬಂದೆವು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ವಾಣಿ' ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ದಾಖಲಿಸ್ತಾರೆ. ಬರೆದದ್ದನ್ನ ಓದಿಸೋದಿಲ್ಲ, ಚಿತ್ರ ತೋರಿಸಿ ತಮ್ಮ ಮಾತಲ್ಲೇ ಹೇಳಿಸ್ತಾರೆ. ಹಾಗೆ ಯಾಕೆ ಅಂತ ನಮಗೆ ಇಂಡಿಯಲ್ಲಿ ತಿಳೀತು. ಆದರೆ ಯಂತ್ರ ಕೇಳೋದನ್ನ ಕಲಿತರೂ ಕೇಳಿದ್ದಕ್ಕೆ ಅರ್ಥ ಕೊಡೋ ಪಟ್ಟಿ ಬರೆಯೋರು ನಮ್ಮಂಥವರೇ ಅಲ್ಲವಾ.

ರಿಪೋರ್ಟಿನ 'ಮಿತಿಗಳು' ಅಧ್ಯಾಯದಲ್ಲಿ ಮೊದಲು 'ಬಳಕೆದಾರರ ಉಚ್ಚಾರಣೆ ಶುದ್ಧವಾಗಿರದಿದ್ದರೆ ಸಾಧನ ಕೆಲಸ ಮಾಡದು' ಅಂತ ಬರೆದಿದ್ದೆವು. ಅದನ್ನು ಅಳಿಸಿ 'ಬಳಕೆದಾರರ ಎಷ್ಟೋ ಮಾತುಗಳು ನಮ್ಮ ಪಟ್ಟಿಯಲ್ಲಿ ಇನ್ನೂ ಇಲ್ಲ' ಅಂತ ಬರೆದೆವು.

ಹೊರಡೋ ಹಿಂದಿನ ರಾತ್ರಿ ಆಯಿ ಮತ್ತೆ ಹೇಳಿದ್ರು, "ದೀಪಾ ದೊಡ್ಡದ ಮಾಡಪಾ."

ಕೋಣೆ ಕತ್ತಲಾಯ್ತು. ಆ ಕತ್ತಲಲ್ಲೇ ಆಯಿ ಅಂದ್ರು, "ಶಾಣ್ಯಾ ಆತ ನೋಡು ಈಗ."

ಅದು ಮಷೀನಿಗೆ ಅಂದಿದ್ದೋ ನಮಗೋ, ನಾವು ಕೇಳಲಿಲ್ಲ.